ಅಕ್ಕಿ ತುಂಬಿದ ಕಾಲುಚೀಲ

ಅಮೆರಿಕಕ್ಕೆ ಹೋಗಿ ಬಂದ ನಮ್ಮಂಥ ಅಮ್ಮಂದಿರು ಊರಿಗೆ ಮರಳಿದ ಮೇಲೆ ಹೇಳುವ ಕಥೆಗಳು ನಿಮಗೆಲ್ಲ ಗೊತ್ತೇ ಇವೆ. ನಯಾಗರದ ನೀರು, ಮೈಲುಗಟ್ಟಲೆ ನಡೆದರೂ ಒಂದು ನರಪಿಳ್ಳೆ ಕಾಣದ ಬೀದಿ, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಮುಂಚೆ ಒಂದು ಸಲ ಪಾತ್ರೆ ತೊಳೆದೇ ಹಾಕಬೇಕಾದ ವಿಚಿತ್ರ. ನಾನೂ ಇವನ್ನೆಲ್ಲ ಹೇಳಿದ್ದೇನೆ. ಆದರೆ ನಮ್ಮ ಬೆಸಗರಹಳ್ಳಿಯಲ್ಲಿ ನನ್ನ ಅಮೆರಿಕ ಪ್ರವಾಸ ಪ್ರಸಿದ್ಧವಾದದ್ದು ಬೇರೆಯೇ ಕಾರಣಕ್ಕೆ. "ನಮ್ಮ ನರ್ಸಮ್ಮ ಅಮೆರಿಕಕ್ಕೋಗಿ ಬೆಕ್ಕುಗಳ್ಗೆ ಆಪರೇಷನ್ ಮಾಡ್ಸಿ ಬಂದವ್ರಂತೆ ಕಣವ್ವ" ಎಂದು ಹಾಲಿನ ಡೈರಿಯ ಮುಂದೆ ಸುದ್ದಿಯಾಯಿತು. "ಇಲ್ಲಿ ನಮ್ಗೆಲ್ಲ ಮಾಡ್ಸಿದ್ದು ಸಾಲ್ದು ಅಂತ ಅಲ್ಲಿಗಂಟ ಹೋಗಿದ್ರಾ?" ಎಂದು ಯಾರೋ ಸೇರಿಸಿದರಂತೆ. ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರಂತೆ. ಹೇಳಿದವರು ಯಾರೆಂದು ನನಗೆ ಗೊತ್ತು, ಅವರ ವಿಷಯ ಆಮೇಲೆ ಬರುತ್ತದೆ.

ನಾನು 36 ವರ್ಷ ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿ ಸುತ್ತಿದವಳು. ಇಲಾಖೆ ಏನೇ ಹೆಸರಿಟ್ಟರೂ ಜನರ ಬಾಯಲ್ಲಿ ನಾನು ನರ್ಸಮ್ಮ. ಬೆಸಗರಹಳ್ಳಿ ಎಂದರೆ ಕಥೆಗಾರ ಬೆಸಗರಹಳ್ಳಿ ರಾಮಣ್ಣನವರ ಊರು ಎಂದು ಓದುವ ಹವ್ಯಾಸವಿದ್ದವರಿಗೆ ಗೊತ್ತಿರುತ್ತದೆ. ಅವರು ವೃತ್ತಿಯಿಂದ ವೈದ್ಯರು. ಡಾಕ್ಟರುಗಳಾದರೆ ಕಂಡದ್ದನ್ನು ಕಥೆ ಬರೆಯಬಹುದು, ನರ್ಸುಗಳು ಬರೆಯುವುದು ರಿಜಿಸ್ಟರಿನಲ್ಲಿ ಮಾತ್ರ. ಹೆಸರು, ವಯಸ್ಸು, ಗಂಡನ ಹೆಸರು, ಬದುಕಿರುವ ಮಕ್ಕಳು, ಕೊನೆಯ ಮಗುವಿನ ವಯಸ್ಸು, ಸಹಿ ಅಥವಾ ಹೆಬ್ಬೆಟ್ಟು.

2017ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಮಗಳು ಕರೆಸಿಕೊಂಡಳು. ಅವಳ ಮನೆಯಿರುವುದು ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ರಾಲೀ ನಗರಕ್ಕೆ ಅಂಟಿಕೊಂಡಂತಿರುವ ಕ್ಯಾರಿ ಎಂಬ ಊರಿನಲ್ಲಿ. ಬಾಣಂತನದ ಕೆಲಸವಿಲ್ಲ, ಮೊಮ್ಮಗ ಶಾಲೆಗೆ ಹೋಗುತ್ತಾನೆ, ಮಗಳು ಅಳಿಯ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ. ಒಂದು ವಾರ ಮಲಗಿದೆ. ಎರಡನೆಯ ವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಒರೆಸಿಟ್ಟೆ. ಮೂರನೆಯ ವಾರ ಮತ್ತೆ ಅದೇ ಡಬ್ಬಿಗಳನ್ನು ಒರೆಸುವಾಗ ಮಗಳು ನೋಡಿ, "ಅಮ್ಮ, ನಿನಗೆ ಹುಚ್ಚು ಹಿಡಿಯುತ್ತೆ" ಎಂದಳು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಅಜ್ಜಿ. ವಾರದಲ್ಲಿ ಎರಡು ದಿನ ಬೆಳಕು ಹರಿಯುವ ಮುಂಚೆ ಕಾರು ತೆಗೆದುಕೊಂಡು ಹೋಗುತ್ತಿದ್ದರು. ಈ ವಯಸ್ಸಿನಲ್ಲಿ ಎಲ್ಲಿಗೆ ಎಂದು ಕೇಳಿದ್ದಕ್ಕೆ, ನಾಯಿ ಬೆಕ್ಕುಗಳಿಗೆ ಸಂತಾನ ನಿಯಂತ್ರಣದ ಆಪರೇಷನ್ ಮಾಡುವ ಕ್ಲಿನಿಕ್ಕಿನಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತೇನೆ, ಬಟ್ಟೆ ಮಡಿಸುವುದಕ್ಕೆ ಜನ ಸಾಲದು, ಬರುತ್ತೀರಾ ಎಂದರು. ನಾನು ನರ್ಸ್ ಆಗಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮಗಳಿಗೆ ಮುಜುಗರ. "ಬೆಕ್ಕಿನ ಆಸ್ಪತ್ರೆಗೆ ಹೋಗ್ತೀಯಾ? ಅದೂ ಈ ಆಪರೇಷನ್ನಿಗೆ? ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ?" ಎಂದಳು. ನಿಮ್ಮಮ್ಮ ಜೀವನವಿಡೀ ಮಾಡಿದ್ದು ಅದೇ ಕೆಲಸ ಎಂದು ಹೇಳು ಎಂದೆ.

ಅದು ನೋಡಲು ದೊಡ್ಡ ಗೋದಾಮಿನಂಥ ಸಾದಾ ಕಟ್ಟಡ. ಬೆಳಿಗ್ಗೆ ಏಳೂವರೆಗೆ ಬಾಗಿಲ ಮುಂದೆ ಕಾರುಗಳ ಸಾಲು. ಸಾಕಿದ ಬೆಕ್ಕುಗಳು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬರುತ್ತಿದ್ದವು. ಬೀದಿ ಬೆಕ್ಕುಗಳು ತಂತಿಯ ಬೋನಿನಲ್ಲಿ, ಮೇಲೆ ಹಳೆಯ ದುಪ್ಪಟಿ ಹೊದಿಸಿಕೊಂಡು. ಕತ್ತಲಿದ್ದರೆ ಅವುಗಳ ಗಾಬರಿ ಕಡಿಮೆಯಂತೆ. ತೂಕ, ಚೀಟಿ, ಚುಚ್ಚುಮದ್ದು, ಹೊಟ್ಟೆಯ ಕೂದಲು ಬೋಳಿಸುವುದು, ಎವೆ ಮುಚ್ಚದ ಕಣ್ಣು ಒಣಗದಂತೆ ಮುಲಾಮು, ಆಮೇಲೆ ಮೇಜು. ಒಬ್ಬರೇ ಡಾಕ್ಟರು ದಿನಕ್ಕೆ ಮೂವತ್ತಕ್ಕೂ ಹೆಚ್ಚು ಆಪರೇಷನ್ ಮಾಡುತ್ತಿದ್ದರು. ಹೆಣ್ಣು ಬೆಕ್ಕಿಗೆ ಹತ್ತು ನಿಮಿಷ ಸಾಕು, ಗಾಯ ನಮ್ಮ ಹೆಬ್ಬೆರಳಿನ ಉಗುರಿನಷ್ಟು. ಮುಗಿದ ಮೇಲೆ ಹೊಟ್ಟೆಯ ಮೇಲೆ ಹಸಿರು ಹಚ್ಚೆಯ ಒಂದು ಸಣ್ಣ ಗೆರೆ. ಮುಂದೆ ಯಾವ ಡಾಕ್ಟರ ಕೈಗೆ ಸಿಕ್ಕರೂ ಇದಕ್ಕೆ ಆಗಿದೆ ಎಂದು ತಿಳಿದು, ಸುಮ್ಮನೆ ಇನ್ನೊಮ್ಮೆ ಕೊಯ್ಯದಿರಲಿ ಎಂದು. ಬೀದಿ ಬೆಕ್ಕಾದರೆ ಎಡಗಿವಿಯ ತುದಿಯನ್ನೂ ಒಂದಿಷ್ಟು ಕತ್ತರಿಸುತ್ತಾರೆ, ದೂರದಿಂದಲೇ ಗೊತ್ತಾಗಬೇಕಲ್ಲ. ಅದೇ ರಾಜ್ಯದ ಆಶ್ವಿಲ್ ಎಂಬ ಬೆಟ್ಟದ ಊರಿನಲ್ಲಿ 1994ರಲ್ಲಿ ಹ್ಯೂಮೇನ್ ಅಲಯನ್ಸ್ ಎಂಬ ಸಂಸ್ಥೆ ಶುರುವಾಗಿ, ಕಡಿಮೆ ಖರ್ಚಿನಲ್ಲಿ ಇಷ್ಟು ಸಂಖ್ಯೆಯ ಆಪರೇಷನ್ ಮಾಡುವ ಕ್ರಮವನ್ನು ಬೇರೆ ಊರಿನವರಿಗೂ ಕಲಿಸಿತು ಎಂದು ಅಲ್ಲಿಯವರು ಹೇಳಿದರು. ಇಲ್ಲದಿದ್ದರೆ ಅಲ್ಲಿ ಒಂದು ಬೆಕ್ಕಿನ ಆಪರೇಷನ್ನಿಗೆ ಕೇಳುವ ಹಣದಲ್ಲಿ ನಮ್ಮಲ್ಲಿ ಒಂದು ಹಸುವಿಗೆ ಮುಂಗಡ ಕೊಡಬಹುದು.

ಮೊದಲ ದಿನ ನನ್ನನ್ನು ಬಟ್ಟೆಯ ಕೋಣೆಯಲ್ಲಿ ಕೂರಿಸಿದರು. ಒಗೆದು ಒಣಗಿಸಿದ ಹಸಿರು ಬಟ್ಟೆಗಳ ರಾಶಿ. ಉಸ್ತುವಾರಿಯ ಹುಡುಗಿ ಮಡಿಸುವುದು ಹೇಗೆಂದು ತೋರಿಸಲು ಬಂದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ತಾನೇ ಮಡಿಸತೊಡಗಿತ್ತು. ಒಳಗೆ ಒಮ್ಮೆ, ಹೊರಗೆ ಒಮ್ಮೆ, ಬೀಸಣಿಗೆಯ ಹಾಗೆ, ಮುಟ್ಟಬೇಕಾದ ಮೂಲೆ ಮಾತ್ರ ಮೇಲೆ ಬರುವಂತೆ. ಸಲಕರಣೆಗಳನ್ನಿಟ್ಟು ಗಂಟು ಕಟ್ಟಿ, ಆಟೋಕ್ಲೇವಿಗೆ ಹಾಕಿ, ಮೇಲಿನ ಟೇಪಿನಲ್ಲಿ ಕಪ್ಪು ಗೆರೆಗಳು ಮೂಡಿದವೋ ಇಲ್ಲವೋ ಎಂದು ನೋಡಿದೆ. ಆ ಕಪ್ಪು ಗೆರೆ ಮದ್ದೂರಿನಲ್ಲೂ ಹಾಗೇ ಮೂಡುತ್ತದೆ, ಅಲ್ಲಿಯೂ ಹಾಗೇ. ಹುಡುಗಿ ಸುಮ್ಮನೆ ನೋಡುತ್ತಾ ನಿಂತಿದ್ದಳು. ನನ್ನ ಇಂಗ್ಲಿಷು ರಿಜಿಸ್ಟರಿನ ಇಂಗ್ಲಿಷು. "ಐ ನರ್ಸ್, ಥರ್ಟಿಸಿಕ್ಸ್ ಇಯರ್ಸ್" ಎಂದೆ. ಮಾರನೆಯ ದಿನದಿಂದ ನನ್ನ ಜಾಗ ಬದಲಾಯಿತು. ಆಪರೇಷನ್ ಆದ ಬೆಕ್ಕುಗಳನ್ನು ಎಚ್ಚರವಾಗುವವರೆಗೆ ನೋಡಿಕೊಳ್ಳುವ ಕೆಲಸ ಕೊಟ್ಟರು.

ಆ ಜಾಗವನ್ನು ಅವರು ತಮಾಷೆಗೆ ಕಡಲತೀರ ಎನ್ನುತ್ತಿದ್ದರು. ನೆಲದ ಮೇಲೆ ದಪ್ಪ ಹಾಸು, ಅದರ ಮೇಲೆ ಟವೆಲುಗಳು, ಬಿಸಿಲು ಕಾಯಿಸಲು ಮಲಗಿದವರ ಹಾಗೆ ಸಾಲಾಗಿ ಬೆಕ್ಕುಗಳು. ನಾವು ನಾಲ್ಕು ಜನ ಹೆಂಗಸರು ನಡುವೆ ಚಕ್ಕಂಬಕ್ಕಳ ಹಾಕಿ ಕೂರಬೇಕು. ನನಗೇನು ಅದು ಕಷ್ಟವಲ್ಲ, ಅವರಿಗೇ ಮಂಡಿ ಹಿಡಿಯುತ್ತಿತ್ತು. ಒಸಡು ನಸುಗೆಂಪಾಗಿದೆಯೇ ನೋಡು, ಎದೆ ಏರಿಳಿಯುವುದನ್ನು ಎಣಿಸು, ಮಗ್ಗುಲು ಬದಲಿಸು, ಜ್ವರ ಅಳೆ, ಕಿವಿಯ ಹಿಂದೆ ಉಜ್ಜು. ಎರಡು ತಿಂಗಳಿನ ಮರಿಗಳನ್ನೂ ತರುತ್ತಿದ್ದರು, ಒಂದು ಕಿಲೋ ಕೂಡ ತೂಗವು. ಅವು ಏಳುವುದು ತಡವಾದರೆ ಒಸಡಿಗೆ ಒಂದು ಹನಿ ಸಕ್ಕರೆ ಪಾಕ ಸವರಬೇಕು. ಅಲ್ಲಿದ್ದ ಒಂದೇ ಒಂದು ಕಟ್ಟುನಿಟ್ಟು ಏನೆಂದರೆ, ನಿಮ್ಮ ಮುಂದಿರುವ ಬೆಕ್ಕು ತಲೆ ಎತ್ತಿ ಕೂರುವವರೆಗೆ ನೀವು ಅದರ ಪಕ್ಕದಿಂದ ಏಳುವಂತಿಲ್ಲ. ಮೂತ್ರಕ್ಕೆ ಹೋಗಬೇಕಾದರೂ ಇನ್ನೊಬ್ಬರನ್ನು ಕೂರಿಸಿ ಹೋಗಬೇಕು.

ಸಣ್ಣ ಪ್ರಾಣಿಗಳಿಗೆ ಚಾಕುವಿಗಿಂತ ಚಳಿಯೇ ದೊಡ್ಡ ಶತ್ರು. ಮಂಪರಿನಲ್ಲಿ ಮೈ ತನ್ನ ಬಿಸಿಯನ್ನು ತಾನು ಕಾಪಾಡಿಕೊಳ್ಳಲಾರದು. ಹೊಟ್ಟೆ ಬೋಳಿಸಿ ಸ್ಪಿರಿಟ್ ಬೇರೆ ಹಚ್ಚಿರುತ್ತಾರೆ. ಅದಕ್ಕೆ ಅವರು ಮಾಡಿಕೊಂಡಿದ್ದ ಉಪಾಯ ನೋಡಿ ನಾನು ದಂಗಾದೆ. ಜೊತೆ ತಪ್ಪಿದ ಕಾಲುಚೀಲಗಳನ್ನು ಊರಿನವರು ತಂದು ಕೊಡುತ್ತಾರೆ. ಒಗೆದ ಕಾಲುಚೀಲಕ್ಕೆ ಅಕ್ಕಿ ತುಂಬಿ, ಬಾಯಿಗೆ ಗಂಟು ಹಾಕಿ, ಮೈಕ್ರೋವೇವ್ ಒಲೆಯಲ್ಲಿ ಬಿಸಿ ಮಾಡಿ, ಮಣಿಕಟ್ಟಿಗೆ ತಾಗಿಸಿ ನೋಡಿ, ಟವೆಲಿನಲ್ಲಿ ಸುತ್ತಿ ಬೆಕ್ಕಿನ ಬೆನ್ನಿಗೆ ಒತ್ತಿಡುವುದು. ತಾಯಿ ಪಕ್ಕದಲ್ಲಿ ಮಲಗಿದ ಹಾಗೆ ಅದು ಮುದುಡಿಕೊಳ್ಳುತ್ತದೆ.

ನಾನು ಮಂಡ್ಯದವಳು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಉಂಡವಳು. ಅನ್ನದ ಅಗುಳು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು. ಕಾಲಿಗೆ ಹಾಕುವ ಚೀಲಕ್ಕೆ ಅಕ್ಕಿ ತುಂಬುವುದೆಂದರೆ ಕೈ ಹಿಂದೆಗೆಯಿತು. ಎರಡನೆಯ ದಿನ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡೆ. ನಮ್ಮಲ್ಲಿಯೂ ಬಾಣಂತಿಗೆ, ಸೊಂಟ ಉಳುಕಿದವರಿಗೆ ಉಪ್ಪಿನ ಗಂಟು, ಹೊಟ್ಟಿನ ಗಂಟು ಬಿಸಿ ಮಾಡಿ ಶಾಖ ಕೊಡುವುದಿಲ್ಲವೇ? ಇದೂ ಅದೇ. ಆಮೇಲೆ ನಾನೇ ಆ ಕೆಲಸದ ಮುಖ್ಯಸ್ಥಳಾದೆ. ಮತ್ತೆ ಮತ್ತೆ ಬಿಸಿ ಮಾಡಿದರೆ ಅಕ್ಕಿ ಒಣಗಿ ಸೀದ ವಾಸನೆ ಬರುತ್ತದೆ. ಆಗ ಹೊಸದು ತುಂಬಬೇಕು. ಮಗಳು ಇಂಡಿಯನ್ ಅಂಗಡಿಯಿಂದ ತಂದಿದ್ದ ಸೋನಾ ಮಸೂರಿಯಲ್ಲಿ ಎರಡು ಸೇರು ಒಯ್ದಿದ್ದು ಅವಳಿಗೆ ಗೊತ್ತಾಗಿ ಒಂದು ಸಣ್ಣ ಜಗಳವೂ ಆಯಿತು.

ಹೀಗೆ ಕುಳಿತು ಬೆಕ್ಕುಗಳಿಗೆ ಕಾವು ಕೊಡುವಾಗ ನನಗೆ ನೆನಪಾಗುತ್ತಿದ್ದುದು ನಮ್ಮ ಕ್ಯಾಂಪುಗಳು. ನೆನಪಾಗದೆ ಹೇಗಿರುತ್ತದೆ? ಸಾಲಾಗಿ ಮಲಗಿಸಿದ ಮೈಗಳನ್ನು ನಾನು ಹಿಂದೆ ಕಂಡದ್ದು ಅಲ್ಲಿಯೇ.

ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್ಕುಗಳನ್ನು ತೆರೆದಿತ್ತು ಎಂದು ತರಬೇತಿಯಲ್ಲಿ ನಮಗೆ ಹೆಮ್ಮೆಯಿಂದ ಹೇಳಿಕೊಟ್ಟಿದ್ದರು. ನಾನು ಕೆಲಸಕ್ಕೆ ಸೇರಿದ್ದು 1981ರಲ್ಲಿ. ಅದಕ್ಕೆ ಮುಂಚೆ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ನಡೆದಿದ್ದವು. ಅವರಲ್ಲಿ ಹೆಚ್ಚಿನವರು ಗಂಡಸರು. ಅದರ ಹೆದರಿಕೆಗೆ ಗಂಡಸರು ಹಿಂದೆ ಸರಿದವರು ಮತ್ತೆ ಮುಂದೆ ಬರಲೇ ಇಲ್ಲ. ಸರ್ಕಾರವೂ ಅವರ ತಂಟೆಗೆ ಹೋಗಲಿಲ್ಲ. ಇಡೀ ಭಾರ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಜನ ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಅರ್ಧವೂ ಇಲ್ಲ.

ಉದರದರ್ಶಕ ಶಸ್ತ್ರಚಿಕಿತ್ಸೆ ಎಂದು ಇಲಾಖೆಯ ಕಾಗದದಲ್ಲಿ ಬರುತ್ತಿತ್ತು. ಹಳ್ಳಿಯಲ್ಲಿ ಬರೀ ಆಪರೇಷನ್. ನಮಗೆ ವರ್ಷಕ್ಕೆ ಇಂತಿಷ್ಟು ಕೇಸು ಎಂದು ಗುರಿ. 1996ರಲ್ಲಿ ಆ ಗುರಿಯ ಪದ್ಧತಿ ಕೈಬಿಡುವವರೆಗೆ ಮಾರ್ಚ್ ತಿಂಗಳು ಬಂತೆಂದರೆ ನಮಗೆ ನಿದ್ದೆಯಿಲ್ಲ. ಕ್ಯಾಂಪಿನ ದಿನ ಟ್ರ್ಯಾಕ್ಟರಿನಲ್ಲೋ ಜೀಪಿನಲ್ಲೋ ಹೆಂಗಸರನ್ನು ಕರೆತರುವುದು. ರಾತ್ರಿಯಿಂದ ಉಪವಾಸ. ಡಾಕ್ಟರು ಬರುವುದು ಮಧ್ಯಾಹ್ನವಾದರೂ ಆಯಿತು. ಮುಗಿದ ಮೇಲೆ ಶಾಲೆಯ ಕೊಠಡಿಯಲ್ಲೋ ಜಗಲಿಯಲ್ಲೋ ಜಮಖಾನದ ಮೇಲೆ ಸಾಲಾಗಿ ಮಲಗಿಸುವುದು. ಒಂದು ಕ್ಯಾಂಪಿನಲ್ಲಿ ನಾನು ಒಬ್ಬಳೇ, 41 ಜನ, ಕಂಬಳಿಗಳು 6. ಒಬ್ಬಳು ವಾಂತಿ ಮಾಡುತ್ತಿದ್ದರೆ ಇನ್ನೊಬ್ಬಳು ಹೊರಗೆ ಅಳುತ್ತಿರುವ ಕೂಸಿಗೆ ಹಾಲೂಡಿಸಲು ಏಳುತ್ತಿದ್ದಳು. ಸಂಜೆಯೊಳಗೆ ಅದೇ ಟ್ರ್ಯಾಕ್ಟರು. ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಹಳ್ಳ ಬಂದಾಗ ಒಬ್ಬರನ್ನೊಬ್ಬರು ಹಿಡಿದುಕೊಂಡು ಊರು ಸೇರುತ್ತಿದ್ದರು. ಬಹಳ ಜನ ಒಳ್ಳೆಯ ಡಾಕ್ಟರುಗಳನ್ನೂ ನಾನು ಕಂಡಿದ್ದೇನೆ, ಕೈ ಚುರುಕಾದವರು, ಕರುಣೆಯುಳ್ಳವರು. ಆದರೆ ಕೊಯ್ಯುವುದಕ್ಕೆ ಮಾತ್ರ ಜನರ ಲೆಕ್ಕವಿತ್ತು. ಕೊಯ್ದ ಮೇಲೆ ಪಕ್ಕದಲ್ಲಿ ಕೂರುವವರ ಲೆಕ್ಕವನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. ನನ್ನ ನಿವೃತ್ತಿಗೆ ಆಗ ಒಂದು ವರ್ಷವಿತ್ತು.

ಆದ್ದರಿಂದ ಆ ಕಡಲತೀರದಲ್ಲಿ ಕುಳಿತು ಮೊದಲ ವಾರ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಬೀದಿಯಲ್ಲಿ ಹಿಡಿದ, ಹೆಸರೂ ಇಲ್ಲದ ಬೆಕ್ಕಿಗೆ ನಾಲ್ಕು ಜನ ಕಾವಲು! ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ. ಬೆಕ್ಕಿನ ಮೇಲಂತೂ ಅಲ್ಲ. ಅಮೆರಿಕದವರು ಶ್ರೀಮಂತರು, ಅದಕ್ಕೇ ಹೀಗೆ ಎಂದು ಮಗಳು ಹೇಳಿದಳು. ನಾನು ಲೆಕ್ಕ ಹಾಕಿದೆ. ಜೊತೆ ತಪ್ಪಿದ ಕಾಲುಚೀಲ, ಎರಡು ಹಿಡಿ ಅಕ್ಕಿ, ಹಳೆಯ ಟವೆಲು, ಸಂಬಳವಿಲ್ಲದೆ ನೆಲದ ಮೇಲೆ ಕೂರುವ ನಾಲ್ಕು ಹೆಂಗಸರು. ಇದರಲ್ಲಿ ಯಾವುದಕ್ಕೆ ನಮಗೆ ಬಡತನವಿತ್ತು?

ಅಲ್ಲಿಯದೆಲ್ಲ ಒಪ್ಪಿಗೆಯಾಯಿತೆಂದು ತಿಳಿಯಬೇಡಿ. ಬೇಸಿಗೆಯಲ್ಲಿ ಬರುವ ಬೆಕ್ಕುಗಳಲ್ಲಿ ಎಷ್ಟೋ ಬಸುರಿಯವೇ ಇರುತ್ತಿದ್ದವು. ಅವಕ್ಕೂ ಆಪರೇಷನ್ ಮಾಡುತ್ತಿದ್ದರು. ಒಂದು ದಿನ ಯಾವುದೋ ಕೆಲಸಕ್ಕೆ ಮೇಜಿನ ಹತ್ತಿರ ಹೋದವಳು ತಟ್ಟೆಯಲ್ಲಿ ಜಪಸರದ ಮಣಿಗಳ ಹಾಗೆ ಉಬ್ಬಿದ ಗರ್ಭಕೋಶ ನೋಡಿದೆ. ನೂರಾರು ಕೂಸುಗಳನ್ನು ಈ ಎರಡು ಕೈಯಲ್ಲಿ ಹಿಡಿದು ಭೂಮಿಗೆ ತಂದವಳು ನಾನು. ಹೊರಗೆ ಬಂದು ಮರದ ಕೆಳಗೆ ಕುಳಿತೆ. ಡಾಕ್ಟರಮ್ಮ ಊಟದ ಹೊತ್ತಿಗೆ ತಾವೇ ಬಂದು ಪಕ್ಕದಲ್ಲಿ ಕುಳಿತರು. ಹುಟ್ಟಿದರೆ ಅವಕ್ಕೆ ಮನೆಯಿಲ್ಲ, ಆಶ್ರಯಗಳಲ್ಲಿ ಜಾಗವಿಲ್ಲ, ಕೊನೆಗೆ ಸೂಜಿ ಹಾಕಿ ಮಲಗಿಸುತ್ತಾರೆ ಎಂದರು. ಆ ದೇಶದಲ್ಲಿ 2019ರ ಅಂದಾಜಿನಂತೆ ವರ್ಷಕ್ಕೆ 9 ಲಕ್ಷಕ್ಕೂ ಹೆಚ್ಚು ನಾಯಿ ಬೆಕ್ಕುಗಳನ್ನು ಹೀಗೆ ಆಶ್ರಯಗಳಲ್ಲಿ ಕೊಲ್ಲುತ್ತಿದ್ದರು. ಎಂಟು ವರ್ಷದ ಹಿಂದೆ ಅದು 26 ಲಕ್ಷದಷ್ಟಿತ್ತಂತೆ. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಪ್ಪಿಗೆಯೂ ಆಗಲಿಲ್ಲ. ಅಂಥ ಬೆಕ್ಕುಗಳನ್ನು ನಾನೇ ಕೇಳಿ ಪಡೆದು ಹೆಚ್ಚು ಹೊತ್ತು ಮಡಿಲಲ್ಲಿಟ್ಟುಕೊಳ್ಳುತ್ತಿದ್ದೆ, ಅಷ್ಟೆ.

ಇನ್ನೊಂದು ನನ್ನನ್ನು ನಗಿಸಿದ್ದು ಗಂಡು ಬೆಕ್ಕುಗಳ ಸರದಿ. ಹೆಣ್ಣಿನಷ್ಟೇ ಸಂಖ್ಯೆಯಲ್ಲಿ ಅವೂ ಬರುತ್ತಿದ್ದವು. ಎರಡು ನಿಮಿಷದ ಕೆಲಸ, ಹೊಲಿಗೆಯೂ ಬೇಡ. ನಮ್ಮ ಕಡೆ ಹೋರಿಗೆ ಬೀಜ ಒಡೆಸಿ ಎತ್ತು ಮಾಡುವುದು ಎಲ್ಲರಿಗೂ ಗೊತ್ತು. ಬಂಡೂರು ಕುರಿ ಸಾಕುವವರೂ ಟಗರುಗಳಿಗೆ ಅದನ್ನು ಮಾಡಿಸುತ್ತಾರೆ. ಗಂಡಿಗೆ ಮಾಡಿಸುವುದು ಸುಲಭ ಎಂಬ ಜ್ಞಾನ ನಮ್ಮ ಕೊಟ್ಟಿಗೆಯಲ್ಲಿ ಸಾವಿರ ವರ್ಷದಿಂದ ಇದೆ. ಅದು ಕೊಟ್ಟಿಗೆಯ ಹೊಸ್ತಿಲು ದಾಟಿ ಮನೆಯೊಳಗೆ ಮಾತ್ರ ಬರಲಿಲ್ಲ.

ಅಕ್ಟೋಬರ್‌ನಲ್ಲಿ ಊರಿಗೆ ಬಂದೆ. ಬಂದ ಮೇಲೆ ವಿಚಾರಿಸಿದರೆ ಈ ಕೆಲಸ ನಮ್ಮ ದೇಶಕ್ಕೇನೂ ಹೊಸದಲ್ಲ ಎಂದು ತಿಳಿಯಿತು. ಬೀದಿ ನಾಯಿಗಳನ್ನು ಕೊಲ್ಲುವ ಬದಲು ಆಪರೇಷನ್ ಮಾಡಿ ಅದೇ ಜಾಗದಲ್ಲಿ ಬಿಡೋಣ ಎಂದು ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲೇ ಶುರು ಮಾಡಿತ್ತು. 2001ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮಗಳನ್ನು ಮಾಡಿತು. 2023ರಲ್ಲಿ ಹೊಸ ನಿಯಮಗಳು ಬಂದವು. ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಎಂಬ ಸಂಸ್ಥೆ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಎಂಬಾಕೆ ಇಂಗ್ಲೆಂಡಿನವರು, ಆಗ ಅವರಿಗೆ ಎಂಬತ್ತು ದಾಟಿತ್ತು. ಊಟಿಯಲ್ಲಿ ಹೊರದೇಶದವರು ನಡೆಸುವ ಕೇಂದ್ರವೊಂದರಲ್ಲಿ ನಮ್ಮ ದೇಶದ ಪಶುವೈದ್ಯರಿಗೆ ನಾಯಿಗಳ ಈ ಆಪರೇಷನ್ ಕಲಿಸುತ್ತಾರೆ, ಅಲ್ಲಿಗೆ ವಿದೇಶದಿಂದಲೂ ಬಂದು ದುಡಿಯುವವರಿದ್ದಾರೆ. ಅವರು ಇಲ್ಲಿಗೆ ಬರುವಾಗ ನಾನು ಅಲ್ಲಿಗೆ ಹೋಗಿದ್ದೆ. ನಮ್ಮ ಸುತ್ತಿನ ಹಳ್ಳಿಗಳಲ್ಲಾದರೆ ಪಶು ಆಸ್ಪತ್ರೆ ಎಂದರೆ ಹಸು, ಎಮ್ಮೆ, ಕುರಿ. ಹಾಲು ಗೆಜ್ಜಲಗೆರೆಯ ಡೈರಿಗೆ ಹೋಗುತ್ತದೆ, ಹಾಲು ಕೊಡುವವರಿಗೆ ಡಾಕ್ಟರು. ನಾಯಿ ಯಾರ ಲೆಕ್ಕ?

ನಮ್ಮ ಹಾಲಿನ ಡೈರಿಯ ಮುಂದೆ ಕೆಂಚಿ ಎಂಬ ಹೆಣ್ಣು ನಾಯಿ ಇತ್ತು. ಕ್ಯಾನಿನಿಂದ ಚೆಲ್ಲಿದ ಹಾಲು ನೆಕ್ಕಿಕೊಂಡು ಬೆಳೆದದ್ದು. ವರ್ಷಕ್ಕೆ ಎರಡು ಸಲ ಹುಲ್ಲಿನ ಮೆದೆಯ ಸಂದಿಯಲ್ಲಿ ಆರೇಳು ಮರಿ ಹಾಕುತ್ತಿತ್ತು. ಗಂಡು ಮರಿಗಳನ್ನು ತೋಟ ಕಾಯಲು ಯಾರಾದರೂ ಒಯ್ಯುತ್ತಿದ್ದರು. ಹೆಣ್ಣು ಕುನ್ನಿ ಯಾರಿಗೆ ಬೇಕು? ಗೋಣಿಚೀಲಕ್ಕೆ ಹಾಕಿ ನಾಲೆಯ ಏರಿಯ ಮೇಲೋ ಸಂತೆಮಾಳದಲ್ಲೋ ಬಿಟ್ಟು ಬರುವುದು. ಇದು ನಾಯಿಗಳ ಮಾತಾಯಿತು. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದುದು ಹೊರಬಿದ್ದಾಗ, ಬೆಲ್ಲ ಬೇಯಿಸುವ ಜಾಗದಲ್ಲಿ ಇದೆಂಥದು ಎಂದು ಎಷ್ಟೋ ಜನ ಬೆಚ್ಚಿಬಿದ್ದರು. ನನಗೆ ಕೆಂಚಿಯ ಮರಿಗಳ ಗೋಣಿಚೀಲ ಕಣ್ಣ ಮುಂದೆ ಬಂತು.

2018ರ ಡಿಸೆಂಬರ್‌ನಲ್ಲಿ ಕೆಂಚಿಗೆ ಆಪರೇಷನ್ ಮಾಡಿಸಿಯೇ ಬಿಡುವುದೆಂದು ಹೊರಟೆ. ಮೈಸೂರಿನಲ್ಲಿ ಒಬ್ಬ ಪಶುವೈದ್ಯೆ ಒಪ್ಪಿದರು, ಚಿಕ್ಕ ವಯಸ್ಸಿನ ಹುಡುಗಿ. ರಾತ್ರಿಯಿಂದ ಉಪವಾಸವಿಡಿ, ಆದ ಮೇಲೆ ನೋಡಿಕೊಳ್ಳುವವರಿದ್ದಾರಾ ಎಂದು ಅವರೇ ಮೊದಲು ಕೇಳಿದಾಗ ನನಗೆ ಆ ಹುಡುಗಿಯ ಮೇಲೆ ಗೌರವ ಬಂತು. ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ, ಬಾಯಿಗೆ ಮೆತ್ತನೆಯ ಬಟ್ಟೆ ಕಟ್ಟಿ, ಮದ್ದೂರಿನ ಮೇಲೆ ಮೈಸೂರಿಗೆ. ಹುಚ್ಚುನಾಯಿ ರೋಗದ ಲಸಿಕೆಯೂ ಆಯಿತು. ಗಾಯ ಹೊಟ್ಟೆಯ ನಡುವೆ ಇರಲಿಲ್ಲ, ಬಲಪಕ್ಕೆಯಲ್ಲಿ. ನಮ್ಮಲ್ಲಿ ಬೀದಿ ನಾಯಿಗಳಿಗೆ ಹಾಗೆ ಮಾಡುವ ರೂಢಿ ಹೆಚ್ಚು, ಹೊಲಿಗೆಯನ್ನು ದೂರದಿಂದಲೇ ನೋಡಬಹುದು. ಸಂಜೆ ವಾಪಸು ಬರುವಾಗ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಚಳಿಗಾಳಿ. ಊರು ತಲುಪಿದಾಗ ಕೆಂಚಿಯ ಕಿವಿ ಮುಟ್ಟಿದರೆ ತಣ್ಣಗೆ.

ಬಚ್ಚಲುಮನೆಯಲ್ಲಿ ಗೋಣಿ ಹಾಸಿ ಮಲಗಿಸಿದೆ. ನಮ್ಮ ಮನೆಯಲ್ಲಿ ಮೈಕ್ರೋವೇವ್ ಇಲ್ಲ. ಕಾವಲಿಯ ಮೇಲೆ ಅಕ್ಕಿ ಹಾಕಿ, ಹೊಟ್ಟಲು ಬಿಡದೆ ಬೆಚ್ಚಗೆ ಹುರಿದು, ನಮ್ಮೆಜಮಾನರ ಕಾಲುಚೀಲಕ್ಕೆ ಸುರಿದೆ. ಅವರು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಇನ್ನೊಂದು ಜೊತೆ ತಂದುಕೊಟ್ಟರು.

ಎಂಟು ಗಂಟೆಯ ಹೊತ್ತಿಗೆ ಎದುರುಮನೆಯ ಅಕ್ಕ ಬಂದರು. ಡೈರಿಯ ಮುಂದೆ ನನ್ನನ್ನು ಗೇಲಿ ಮಾಡಿದವರು ಇವರೇ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನೋಡಿಕೊಂಡು ಹೋಗಲು ಬಂದವರು ಬಚ್ಚಲ ಕಟ್ಟೆಯ ಮೇಲೆ ಕುಳಿತರು. ನಾನು ಒಂದು ಚೀಲ ಆರುವಷ್ಟರಲ್ಲಿ ಇನ್ನೊಂದನ್ನು ಕಾಯಿಸುವುದು, ನಾಯಿಯ ಮಗ್ಗುಲು ಬದಲಿಸುವುದು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು.

"ನಂಗೆ ಆಪ್ರೇಸನ್ ಆದಾಗ್ಲೂ ಹಿಂಗೇ ಚಳಿ ಕಣವ್ವ" ಎಂದರು ಆಮೇಲೆ. "ಹಲ್ಲು ಕಟಕಟ ಅನ್ನೋವು. ಪಕ್ಕದಲ್ಲಿ ಮಲಗಿದ್ಲಲ್ಲ, ಯಾವೂರೋಳೋ ಏನೋ, ಅವಳ ಸೆರಗ ಎಳ್ಕಂಡು ಹೊದ್ಕಂಡಿದ್ದೆ. ಅವಳ್ಗೂ ಎಚ್ಚರ ಇರ್ನಿಲ್ಲ. ಪಾಪ, ಅವಳ್ಗೆ ಎಷ್ಟು ಚಳಿ ಆಗಿತ್ತೋ."

ಅದು 1984ರ ಮಾತು. ನಾನಾಗ ಮಳವಳ್ಳಿಯ ಕಡೆಯ ಹಳ್ಳಿಯೊಂದರಲ್ಲಿದ್ದೆ, ಅವರ ಕ್ಯಾಂಪಿನಲ್ಲಿ ಇದ್ದವಳಲ್ಲ. ಆದರೂ ಆ ಕೊಠಡಿ ನನಗೆ ಗೊತ್ತಿತ್ತು. ಭಾವ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ಕೇಳಿದೆ. ಇಷ್ಟು ವರ್ಷ ಎದುರುಬದಿರು ಇದ್ದರೂ ಕೇಳಿರಲಿಲ್ಲ.

"ಅವ್ರು ಗದ್ದೆ ಉಳ್ಬೇಕು, ಸಕ್ತಿ ಹೋಯ್ತದೆ ಅಂದ್ರು ನಮ್ಮತ್ತೆ. ಹದಿನೈದು ದಿನಕ್ಕೆ ನಾನ್ ನಾಟಿ ಹಾಕಕ್ಕೆ ಬಗ್ಗಿದ್ದೆ. ಅದು ಸಕ್ತಿ ಅಲ್ವಾ?"

ಹೊಲಿಗೆ ಹಾಕಿದ ಕಡೆ ಈಗಲೂ ಮೋಡ ಕವಿದರೆ ಸೆಳೆಯುತ್ತದೆಂದರು. ಯಾರಿಗೂ ಹೇಳಿರಲಿಲ್ಲವಂತೆ. ಯಾರಿಗೆ ಹೇಳುವುದು, ಎಲ್ಲರಿಗೂ ಆಗಿರುವುದೇ ತಾನೇ ಎಂದರು. ನಾನು ಅವರ ಸೊಂಟದ ಹಿಂದೆ ಒಂದು ಬಿಸಿ ಚೀಲ ಇಟ್ಟೆ. "ನಂಗ್ಯಾಕವ್ವ, ಅದುಕ್ಕಿಡು" ಎಂದರು, ಆದರೆ ತೆಗೆಯಲಿಲ್ಲ. ನಡುರಾತ್ರಿಯ ಹೊತ್ತಿಗೆ ನನಗೆ ತೂಕಡಿಕೆ. ನೀನು ಹೋಗಿ ಒರಗು, ನಾನು ಕೂತಿರುತ್ತೇನೆ ಎಂದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೋಡಿದರೆ ಕೆಂಚಿ ತಲೆಯೆತ್ತಿ ಕುಳಿತಿತ್ತು, ಅವರ ಕೈ ಅದರ ಬೆನ್ನ ಮೇಲೆಯೇ ಇತ್ತು. ಒಲೆಯಲ್ಲಿ ಬೆಂಕಿಯಿತ್ತು, ಕಾವಲಿಯ ಅಕ್ಕಿ ಸೀದಿರಲಿಲ್ಲ.

ಕೆಂಚಿ ಗಾಯ ನೆಕ್ಕದಂತೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕೊಯ್ದು ಕೊರಳಿಗೆ ಹಾಕಿದ್ದೆವು. ಹತ್ತನೆಯ ದಿನ ಹೊಲಿಗೆ ಬಿಚ್ಚಿದೆ, ಬಕೆಟ್ಟಿನಿಂದ ಬಿಡುಗಡೆಯಾಗಿ ಅದು ನೇರ ಡೈರಿಯ ಮುಂದೆ ಹೋಗಿ ಮಲಗಿತು. ಆ ವರ್ಷ ಮೆದೆಯ ಸಂದಿಯಲ್ಲಿ ಮರಿಗಳಿರಲಿಲ್ಲ. ಅಕ್ಕಿ ತುಂಬಿದ ಕಾಲುಚೀಲ ಎದುರುಮನೆಯಲ್ಲೇ ಉಳಿಯಿತು, ಮಂಡಿನೋವಿಗೆ ಚೆನ್ನಾಗಿದೆಯಂತೆ. ಆಮೇಲೆ ಇನ್ನೂ ಎರಡು ಹೆಣ್ಣು ನಾಯಿಗಳಿಗೆ ಮಾಡಿಸಿದೆವು. ಒಂದರ ಖರ್ಚಿಗೆ ಸ್ತ್ರೀಶಕ್ತಿ ಸಂಘದ ಹೆಂಗಸರು ತಲೆಗೆ ಇಪ್ಪತ್ತು ರೂಪಾಯಿ ಹಾಕಿದರು. ರಾತ್ರಿ ಕೂರಲು ಸರದಿ ಮಾಡಿಕೊಂಡರು, ಕೂತಾಗ ಮಾತಾಡಲು ಅವರಿಗೆ ಬೇಕಾದಷ್ಟಿತ್ತು. ಆ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಎದುರುಮನೆಯ ಅಕ್ಕ ಒಂದು ಬೆಳಿಗ್ಗೆ ಕ್ಯಾನು ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. "ಎಲ್ಲಾ ಹೆಣ್ಣುಗಳ್ದೂ ಆಯ್ತಲ್ಲ, ಆ ಕರಿಯಂಗೆ ಯಾವಾಗ? ಗಂಡು ಅಂತ ಬುಟ್ಬುಡ್ಬೇಡ" ಎಂದರು.

ಕರಿಯನನ್ನು ಹಿಡಿಯಲು ಮೂರು ದಿನ ಬೇಕಾಯಿತು.